ಪ್ಯಾರಿಸ್‌ನಿಂದ ಲಂಡನ್: ಬೆಳಿಗ್ಗೆ ಹೋಗಿ ರಾತ್ರಿಗೆ ಮರಳಬಹುದೇ?

ಪ್ರಶ್ನೆ: ಮಗಳ ಮನೆಗೆಂದು ಪ್ಯಾರಿಸ್‌ಗೆ ಹೊರಟಿದ್ದೇವೆ. ಅಲ್ಲಿಂದ ಲಂಡನ್ ಎಷ್ಟು ದೂರ, ಎಷ್ಟು ಹೊತ್ತಿನ ದಾರಿ? ಬೆಳಿಗ್ಗೆ ಹೋಗಿ ರಾತ್ರಿಗೆ ವಾಪಸ್ ಬರಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಟಿಕೆಟ್ ಕೊಳ್ಳುವ ಮೊದಲು ಪಾಸ್‌ಪೋರ್ಟ್ ತೆಗೆದು ವೀಸಾ ಪುಟ ನೋಡಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಎರಡೂ ಊರುಗಳ ನಡುವೆ ಸುಮಾರು 340 ಕಿ.ಮೀ. ರೈಲಿನ ದಾರಿ ಮಾತ್ರ 490 ಕಿ.ಮೀ. ಹತ್ತಿರ. ರೈಲು ಮೊದಲು ಉತ್ತರಕ್ಕೆ ಸಾಗಿ, ಸಮುದ್ರ ಕಿರಿದಾಗಿರುವ ಫ್ರಾನ್ಸಿನ ಕ್ಯಾಲೆ ಊರಿನ ಬಳಿ ಸುರಂಗಕ್ಕೆ ಇಳಿಯುವುದರಿಂದ ಈ ಸುತ್ತು. 1994ರಲ್ಲಿ ತೆರೆದ ಆ ಸುರಂಗದ ಉದ್ದ 50 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಅದರಲ್ಲಿ ಸುಮಾರು 38 ಕಿ.ಮೀ. ಕಡಲ ತಳದ ಕೆಳಗಿದೆ. ಹೊರಗೆ ಗಂಟೆಗೆ 300 ಕಿ.ಮೀ. ಓಡುವ ಈ ಯೂರೋಸ್ಟಾರ್ ರೈಲು ಒಳಗೆ 160ಕ್ಕೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಕಿಟಕಿಯಾಚೆ ಬರೀ ಕತ್ತಲೆ. ಸಮುದ್ರ ಕಾಣುತ್ತದೆಂದು ಮೊಮ್ಮಕ್ಕಳಿಗೆ ಆಸೆ ಹುಟ್ಟಿಸಬೇಡಿ!

ಒಟ್ಟು ಪ್ರಯಾಣ ಸುಮಾರು 2 ಗಂಟೆ 20 ನಿಮಿಷ. ಶುರುವಿನಲ್ಲಿ ಇದು ಮೂರು ಗಂಟೆಯಾಗುತ್ತಿತ್ತು, ಇಂಗ್ಲೆಂಡ್ ಕಡೆ ಲೋಕಲ್ ರೈಲುಗಳ ಹಳೆಯ ಹಳಿಗಳ ಮೇಲೆಯೇ ನಿಧಾನಕ್ಕೆ ಹೋಗಬೇಕಿತ್ತು. 2007ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದವರೆಗೂ ವೇಗದ ಹಳಿ ಸಿದ್ಧವಾಯಿತು.

ಗಡಿಯಾರದ ಲೆಕ್ಕ ಬೇರೆ. ಲಂಡನ್ ವರ್ಷವಿಡೀ ಪ್ಯಾರಿಸ್‌ಗಿಂತ ಒಂದು ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹೊರಟರೆ ಅಲ್ಲಿನ 9.20ಕ್ಕೆ ಇಳಿಯುತ್ತೀರಿ. ಉಳಿಸಿದ ಆ ಗಂಟೆಯನ್ನು ಬರುವಾಗ ತೆರಲೇಬೇಕು: ಸಂಜೆ 6ರ ರೈಲು ಪ್ಯಾರಿಸ್ ಮುಟ್ಟುವಾಗ ರಾತ್ರಿ 9.20. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ರೈಲು ಹತ್ತುವ ಮುಂಚೆಯೇ ಮುಗಿಯುತ್ತದೆ. ಹಾಗಾಗಿ ರೈಲು ಹೊರಡುವ ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಒಂದೂವರೆ ಗಂಟೆ ಮೊದಲೇ ಇರಿ.

ವಿಮಾನ ಆಕಾಶದಲ್ಲಿರುವುದು ಒಂದು ಗಂಟೆ ಚಿಲ್ಲರೆ ಮಾತ್ರ, ಆದರೆ ಎರಡೂ ಕಡೆ ನಿಲ್ದಾಣ ಊರಾಚೆ ಇರುವುದರಿಂದ ಉಳಿತಾಯವೇನೂ ಇಲ್ಲ. ಬಸ್ಸು ಅಗ್ಗ, ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಒಂದೇ ದಿನದ ಪ್ರಯಾಣಕ್ಕೆ ಆಗದು.

ಈಗ ವೀಸಾ. ಫ್ರಾನ್ಸಿನ ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಬ್ರಿಟನ್ನಿನಲ್ಲಿ ನಡೆಯುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಇದ್ದವರು ಅಲ್ಲಿನದನ್ನು ಬೇರೆಯಾಗಿ ಪಡೆಯಬೇಕು. ಇದು ಬಹಳ ಜನಕ್ಕೆ ಗೊತ್ತು. ಎಡವುವುದು ಇನ್ನೊಂದು ಕಡೆ. ಲಂಡನ್‌ಗೆ ಹೊರಟ ಗಳಿಗೆಗೇ ನೀವು ಷೆಂಗನ್ ವಲಯದಿಂದ ಹೊರಬಿದ್ದಂತೆ. ನಿಮ್ಮ ವೀಸಾ ಒಂದೇ ಪ್ರವೇಶದ್ದಾದರೆ ಸಂಜೆ ಮಗಳ ಮನೆಗೆ ಮರಳಲು ಬಿಡುವುದಿಲ್ಲ. ಅರ್ಜಿ ಹಾಕುವಾಗಲೇ ಹಲವು ಪ್ರವೇಶದ ವೀಸಾ ಕೇಳಿ. ಒಂದೇ ಪ್ರವೇಶದ್ದು ಸಿಕ್ಕರೆ ಲಂಡನ್ನನ್ನು ಪ್ರವಾಸದ ಕೊನೆಗಿಟ್ಟು, ಎರಡು ದಿನ ಇದ್ದು, ಅಲ್ಲಿಂದಲೇ ಊರಿಗೆ ವಿಮಾನ ಹತ್ತಿ.