ದುಡ್ಡು ಕೊಡ್ತೀವಿ, ನೌಕರ ಅನ್ನಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್ ಜಗಳದ ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕದ ಆಟ. ನಾವು ಕಾಲಲ್ಲಿ ಒದೆಯುವುದನ್ನು ಅವರು ಸಾಕರ್ ಅನ್ನುತ್ತಾರೆ.

ಈ ವಿಷಯ ಓದಲು ಕೂತಾಗ ನನ್ನ ತಲೆ ತಿಂದದ್ದು ಆಟದ ನಿಯಮಗಳಲ್ಲ. ಎನ್‌ಸಿಎಎ, ಎನ್‌ಐಎಲ್, ಪೋರ್ಟಲ್, ಆಲ್ಸ್‌ಟನ್, ಹೌಸ್ ಅಂತ ಸುದ್ದಿಯಲ್ಲಿ ಬರುವ ಹೆಸರುಗಳು. ಒಂದೊಂದನ್ನೂ ಬಾಯಿಪಾಠ ಮಾಡಿದೆ, ಮರುದಿನ ಮರೆತೆ. ಆಮೇಲೆ ಒಂದೇ ಪ್ರಶ್ನೆ ಹಿಡಿದು ಓದಿದೆ, ಎಲ್ಲ ಸಾಲಾಗಿ ನಿಂತವು. ವೃತ್ತಿಪರ ಲೀಗ್ ಆಟಗಾರರ ಸಂಬಳಕ್ಕೆ ಮಿತಿ ಹಾಕಿದರೆ ಕೋರ್ಟು ಸುಮ್ಮನಿರುತ್ತದೆ. ಕಾಲೇಜುಗಳು ಅದನ್ನೇ ಮಾಡಿದರೆ ಕೋರ್ಟಿನಲ್ಲಿ ಸೋಲುತ್ತವೆ. ಯಾಕೆ?

ಮಿತಿ ಹಾಕುವುದು ತಪ್ಪಾ?

ಐಪಿಎಲ್ ಹರಾಜು ನೋಡಿದವರಿಗೆ ಮಿತಿ ಹೊಸದಲ್ಲ. 2025ರ ಸೀಸನ್ನಿಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. 2025ರಲ್ಲಿ ಒಂದೊಂದು ತಂಡದ ಸಂಬಳದ ಮಿತಿ 27 ಕೋಟಿ 92 ಲಕ್ಷ ಡಾಲರ್. ಇದಕ್ಕೆ ಸ್ಯಾಲರಿ ಕ್ಯಾಪ್ ಅನ್ನುತ್ತಾರೆ.

ಈಗ ಅಲ್ಲಿನ ಆಂಟಿಟ್ರಸ್ಟ್ ಕಾನೂನು ನೋಡಿ. 1890ರ ಶೆರ್ಮನ್ ಕಾಯ್ದೆ ಇದರ ಬೇರು. ಒಂದೇ ವ್ಯಾಪಾರ ಮಾಡುವವರು ಒಟ್ಟಿಗೆ ಕೂತು ‘ಕೂಲಿ ಇಷ್ಟಕ್ಕಿಂತ ಜಾಸ್ತಿ ಕೊಡುವುದು ಬೇಡ’ ಅಂತ ಮಾತಾಡಿಕೊಳ್ಳುವಂತಿಲ್ಲ. ಒಂದು ಊರಿನ ಹೋಟೆಲ್ ಮಾಲೀಕರೆಲ್ಲ ಸೇರಿ ಅಡುಗೆಯವರ ಸಂಬಳ ಇಳಿಸಿದ ಹಾಗೆ. (ಈ ಹೋಟೆಲಿನ ಉದಾಹರಣೆ ನನ್ನದಲ್ಲ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರದು. ಮುಂದೆ ಬರುತ್ತಾರೆ.)

ಹಾಗಾದರೆ ಎನ್‌ಎಫ್‌ಎಲ್‌ನ 32 ಮಾಲೀಕರು ಮಾಡುತ್ತಿರುವುದೂ ಅದನ್ನೇ ಅಲ್ವಾ? ಹೌದು. ಆದರೆ ಮೇಜಿನ ಆ ಕಡೆ ಆಟಗಾರರ ಯೂನಿಯನ್ ಕೂತಿದೆ. ಮಿತಿಗೆ ಯೂನಿಯನ್ ಸಹಿ ಹಾಕಿದೆ. ಬದಲಿಗೆ ಆದಾಯದಲ್ಲಿ ಸುಮಾರು 48 ಪರ್ಸೆಂಟ್ ಪಾಲು, ಕನಿಷ್ಠ ಸಂಬಳ, ಪಿಂಚಣಿ, ಅಭ್ಯಾಸದ ದಿನಗಳಿಗೆ ಕಡಿವಾಣ, ಇಷ್ಟನ್ನು ಪಡೆದಿದೆ. ಕಾರ್ಮಿಕರೂ ಮಾಲೀಕರೂ ಚೌಕಾಸಿ ಮಾಡಿ ಒಪ್ಪಿಕೊಂಡ ವಿಷಯಕ್ಕೆ ಆಂಟಿಟ್ರಸ್ಟ್ ಕಾನೂನು ಕೈ ಹಾಕುವುದಿಲ್ಲ. ಇಡೀ ಪಾಠದ ಕೀಲಿ ಈ ಒಂದು ವಾಕ್ಯ. ಕೆಳಗೆ ಗೆರೆ ಎಳೆದುಕೊಳ್ಳಿ.

ಇದು ಎಷ್ಟು ಗಟ್ಟಿ ಅಂತ ತಿಳಿಯಲು ಮಾರಿಸ್ ಕ್ಲಾರೆಟ್ ಪ್ರಕರಣ ಸಾಕು. 2002ರ ಸೀಸನ್ನಿನಲ್ಲಿ ಒಹಾಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆದಾಗ ಈತ ಮೊದಲ ವರ್ಷದ ಹುಡುಗ. ಎನ್‌ಎಫ್‌ಎಲ್‌ಗೆ ಹೋಗಬೇಕೆಂದರೆ ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗಿರಬೇಕು ಅನ್ನುವುದು ನಿಯಮ. ಕೋರ್ಟಿಗೆ ಹೋದ, ಕೆಳಗಿನ ಕೋರ್ಟಿನಲ್ಲಿ ಗೆದ್ದ. 2004ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್, ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ನಾನು ಎಡವಿದ್ದು ಇಲ್ಲೇ: ಕ್ಲಾರೆಟ್ ಇನ್ನೂ ಯೂನಿಯನ್ ಸದಸ್ಯನೇ ಅಲ್ಲವಲ್ಲ, ಅವನಿಗೆ ಯಾಕೆ ಆ ನಿಯಮ? ಯಾರು ಕೆಲಸಕ್ಕೆ ಸೇರಬಹುದು ಅನ್ನುವುದೂ ಯೂನಿಯನ್ ಮಾತುಕತೆಯ ವಿಷಯವೇ, ಹಾಗಾಗಿ ಹೊರಗೆ ಬಾಗಿಲಲ್ಲಿ ನಿಂತವನಿಗೂ ಅನ್ವಯಿಸುತ್ತದೆ ಅಂದಿತು ಕೋರ್ಟು.

‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದ

ಈಗ ಕಾಲೇಜಿನ ಕಡೆ ಬನ್ನಿ. ಅಲ್ಲಿ ಯಜಮಾನಿಕೆ ಎನ್‌ಸಿಎಎಯದು. ಕಾಲೇಜು ಕ್ರೀಡೆಗಳ ನಿಯಮ ಮಾಡುವ, 1906ರಲ್ಲಿ ಹುಟ್ಟಿದ ಸಂಸ್ಥೆ. ಅದರ ನಿಯಮಗಳಲ್ಲಿ, ಪತ್ರಗಳಲ್ಲಿ ಆಟಗಾರನಿಗೆ ಒಂದೇ ಹೆಸರು: ವಿದ್ಯಾರ್ಥಿ-ಕ್ರೀಡಾಪಟು.

ಈ ಪದ ಸುಮ್ನೆ ಬಂದದ್ದಲ್ಲ. 1955ರಲ್ಲಿ ಕೊಲೊರಾಡೊದ ಒಂದು ಸಣ್ಣ ಕಾಲೇಜಿನ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಸಿಗುವ ಪರಿಹಾರ ನನಗೂ ಕೊಡಿ ಅಂತ ಹೆಂಡತಿ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲ, ಅವನು ನೌಕರನಲ್ಲ ಅಂತ 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೈ ಚೆಲ್ಲಿತು. ಇಂಥ ಪರಿಹಾರದ ಬೇಡಿಕೆಗಳಿಗೆ ಹೆದರಿಯೇ ಎನ್‌ಸಿಎಎ ಆ ಪದ ಹುಟ್ಟಿಸಿತು. ಹಾಗಂತ ಒಪ್ಪಿಕೊಂಡವರು ಬೇರೆ ಯಾರೋ ಅಲ್ಲ, 1951ರಿಂದ 1988ರವರೆಗೆ ಸಂಸ್ಥೆ ನಡೆಸಿದ ವಾಲ್ಟರ್ ಬಯರ್ಸ್. ನನಗಂತೂ ಇದನ್ನು ಓದಿದ ಮೇಲೆ ಆ ಜೋಡಿಪದ ಕಂಡಾಗಲೆಲ್ಲ ಆ ಹೆಂಗಸಿನ ಅರ್ಜಿಯೇ ನೆನಪಾಗುತ್ತದೆ.

ಗೋಡೆಯ ಮೊದಲ ಇಟ್ಟಿಗೆ ಅಲುಗಾಡಿದ್ದು ಒಂದು ವಿಡಿಯೋ ಗೇಮ್‌ನಿಂದ. ಎಡ್ ಒ’ಬ್ಯಾನನ್ 1995ರಲ್ಲಿ ಯುಸಿಎಲ್‌ಎ ಬ್ಯಾಸ್ಕೆಟ್‌ಬಾಲ್ ತಂಡವನ್ನು ಗೆಲ್ಲಿಸಿದವರು. ವರ್ಷಗಳಾದ ಮೇಲೆ ಲಾಸ್ ವೇಗಸ್ಸಿನಲ್ಲಿ ಕಾರು ಮಾರುವ ಕೆಲಸದಲ್ಲಿದ್ದರು. ಒಂದು ದಿನ ಗೆಳೆಯನ ಮನೆಗೆ ಹೋದರೆ, ಟಿವಿ ಪರದೆ ಮೇಲೆ ಅವರೇ ಓಡಾಡುತ್ತಿದ್ದಾರೆ! ಅದೇ ಬೋಳು ತಲೆ, ಅದೇ 31 ನಂಬರ್ ಜೆರ್ಸಿ, ಅದೇ ಎಡಗೈ ಶಾಟ್. ಹೆಸರು ಮಾತ್ರ ಇಲ್ಲ. ಆಟ ಮಾರಿ ದುಡ್ಡು ಮಾಡಿದವರು ಬೇರೆ, ಇವರಿಗೆ ಮೂರು ಕಾಸೂ ಇಲ್ಲ. 2009ರಲ್ಲಿ ಎನ್‌ಸಿಎಎ ಮೇಲೆ ಕೇಸು ಹಾಕಿದರು, 2014ರಲ್ಲಿ ಗೆದ್ದರು. ತೀರ್ಪು ಕೊಟ್ಟವರು ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್. ಈ ಹೆಸರು ನೆನಪಿಟ್ಟುಕೊಂಡರೆ ಅರ್ಧ ಇತಿಹಾಸ ನೆನಪಿದ್ದ ಹಾಗೆ, ಯಾಕೆಂದರೆ ಒ’ಬ್ಯಾನನ್, ಆಲ್ಸ್‌ಟನ್, ಹೌಸ್ ಮೂರೂ ಅವರ ಮುಂದೆಯೇ ನಡೆದವು.

ಆಲ್ಸ್‌ಟನ್ ಎಂಬ ಕಾಲೇಜು ಆಟಗಾರನ ಹೆಸರಿನ, ಎನ್‌ಸಿಎಎ ವಿರುದ್ಧದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್ 21ರಂದು ತೀರ್ಪು, 9-0, ಆಟಗಾರರ ಪರ. ತೀರ್ಪು ನೇರವಾಗಿ ಅನ್ವಯಿಸಿದ್ದು ಓದಿಗೆ ಸಂಬಂಧಪಟ್ಟ ಸವಲತ್ತುಗಳಿಗೆ ಹಾಕಿದ್ದ ಮಿತಿಗೆ ಮಾತ್ರ. ಆದರೆ ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದದ್ದು ಎಲ್ಲರ ಬಾಯಲ್ಲಿ ಓಡಾಡಿತು. ಕಡಿಮೆ ಸಂಬಳದವರು ಮಾಡಿದ ಅಡುಗೆಯೇ ಗಿರಾಕಿಗಳಿಗೆ ಇಷ್ಟ ಅಂತ ನೆಪ ಹೇಳಿ ಹೋಟೆಲುಗಳು ಒಟ್ಟಾಗಿ ಸಂಬಳ ಕಡಿಯಲು ಆಗುತ್ತದಾ, ಇವರಿಗೆ ಮಾತ್ರ ಯಾಕೆ ಬೇರೆ ನ್ಯಾಯ ಅನ್ನುವುದು ಅವರ ತರ್ಕ. ಮುಂದೆ ಯಾರು ಕೇಸು ಹಾಕಿದರೂ ಎನ್‌ಸಿಎಎ ಸೋಲುತ್ತದೆ ಅನ್ನುವ ಸೂಚನೆ ಅದರಲ್ಲೇ ಇತ್ತು.

ಹತ್ತೇ ದಿನದಲ್ಲಿ, ಜುಲೈ 1ಕ್ಕೆ, ಎನ್‌ಐಎಲ್ ಬಾಗಿಲು ತೆರೆಯಿತು. ಅಂದರೆ ಆಟಗಾರ ತನ್ನ ಹೆಸರು, ಮುಖ, ಗುರುತು ಬಳಸಿ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು. ಹಿಂದೆ ಏಜೆಂಟರಿಂದ ದುಡ್ಡು, ಸವಲತ್ತು ಪಡೆದ ವಿವಾದದಲ್ಲಿ 2010ರಲ್ಲಿ ಹೈಸ್‌ಮನ್ ಟ್ರೋಫಿ (ವರ್ಷದ ಶ್ರೇಷ್ಠ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವುದು) ಬಿಟ್ಟುಕೊಟ್ಟಿದ್ದ ರೆಜಿ ಬುಷ್‌ಗೆ 2024ರಲ್ಲಿ ಅದನ್ನು ವಾಪಸ್ ಕೊಟ್ಟರು. ಕಾಲ ಎಷ್ಟು ಬದಲಾಯಿತು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ನಮ್ಮ ಕಡೆಯವರಿಗೆ ಒಂದು ಮಾತು. ಬೆಂಗಳೂರಿಂದಲೂ ಈಜು, ಟೆನಿಸ್, ಗಾಲ್ಫ್ ಅಂತ ಸ್ಕಾಲರ್‌ಶಿಪ್ ಕನಸು ಕಾಣುವ ಮಕ್ಕಳಿದ್ದಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅಮೆರಿಕದ ನೆಲದಲ್ಲಿ ಬೇಕಾದ ಹಾಗೆ ಕೆಲಸ ಮಾಡುವಂತಿಲ್ಲ. ಹಾಗಾಗಿ ಎನ್‌ಐಎಲ್ ದುಡ್ಡು ಅವರಿಗೆ ಕಣ್ಣಿಗೆ ಕಂಡರೂ ಕೈಗೆ ಸಿಗುವುದು ಕಷ್ಟ. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ, ಕಾಂಗೋ ದೇಶದ ಆಸ್ಕರ್ ಶೀಬ್ವೆ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ, ಅಮೆರಿಕದ ನೆಲದ ಹೊರಗೆ, ಎನ್‌ಐಎಲ್ ಕೆಲಸ ಮುಗಿಸಿಕೊಂಡರು.

ಪೋರ್ಟಲ್, ಹೌಸ್, ಮತ್ತೆ ಅದೇ ಮಿತಿ

ಟ್ರಾನ್ಸ್‌ಫರ್ ಪೋರ್ಟಲ್ ಅಂದರೆ ಕಾಲೇಜು ಬದಲಿಸುತ್ತೇನೆ ಅಂತ ಹೆಸರು ಬರೆಸುವ ಪಟ್ಟಿ. 2018ರಲ್ಲಿ ಶುರುವಾಯಿತು. ಮೊದಲು ಬದಲಿಸಿದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಮಾಫಿ ಸಿಕ್ಕಿತು. 2024ರ ಹೊತ್ತಿಗೆ, ಆ ನಿಯಮವನ್ನು ಕೋರ್ಟು ತಡೆದದ್ದರಿಂದ, ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ತಂಡ ನಡೆಸುವವರ ಗೋಳು ಕೇಳಿ: ಆಟಗಾರನೊಂದಿಗೆ ವರ್ಷಗಳ ಕರಾರು ಮಾಡಿಕೊಂಡು ಕಟ್ಟಿಹಾಕಲು ದಾರಿಯಿಲ್ಲ. ಆಟಗಾರರ ಗೋಳೂ ಇದೆ. 2024ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ಸಿನ ವಿಶ್ವವಿದ್ಯಾಲಯ ಯುಎನ್‌ಎಲ್‌ವಿಯ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವವನು) ಮ್ಯಾಥ್ಯೂ ಸ್ಲೂಕಾ, ಮಾತುಕೊಟ್ಟ ದುಡ್ಡು ಬರಲಿಲ್ಲ ಅಂತ ಮೂರೇ ಪಂದ್ಯ ಆಡಿ ನಿಲ್ಲಿಸಿದ. ಮೂರೂ ಗೆದ್ದಿದ್ದ ತಂಡ ಅದು! ಕಾಲೇಜು ಆ ಆರೋಪ ಒಪ್ಪಲಿಲ್ಲ. ಸರಿಯಾದ ಕರಾರು ಇದ್ದಿದ್ದರೆ ಎರಡೂ ಕಡೆಯ ಈ ರಗಳೆಯೇ ಇರುತ್ತಿರಲಿಲ್ಲ.

2025ರ ಜೂನ್ 6ರಂದು ವಿಲ್ಕನ್ ‘ಹೌಸ್’ ರಾಜಿಗೆ ಒಪ್ಪಿಗೆ ಕೊಟ್ಟರು. ಹೌಸ್ ಅಂದರೆ ಮನೆಯಲ್ಲ, ಎನ್‌ಸಿಎಎ ಮೇಲೆ ಕೇಸು ಹಾಕಿದ ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರು. (ನಾನು ಎರಡು ದಿನ ಸಂಸತ್ತಿನ ಹೌಸ್ ಅಂದುಕೊಂಡಿದ್ದೆ.) ರಾಜಿಯಲ್ಲಿ ಎರಡು ಮುಖ್ಯ. ಒಂದು, ಹಿಂದೆ ಆಡಿದವರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಎರಡು, ಕಾಲೇಜೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, 2025-26ಕ್ಕೆ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್‌ವರೆಗೆ.

‘ವರೆಗೆ’ ಅನ್ನುವ ಪದದ ಮೇಲೆ ಬೆರಳಿಡಿ. ಅದು ಮತ್ತೆ ಮಿತಿಯೇ. ಎನ್‌ಎಫ್‌ಎಲ್ ಮಿತಿಯಂಥದ್ದೇ ಮಿತಿ, ಆದರೆ ಹಿಂದೆ ಯೂನಿಯನ್ ಇಲ್ಲ. ಕೋರ್ಟಿನ ರಾಜಿ ಅದಕ್ಕೆ ಆಸರೆ. ಹೊರಗಿನ ಜಾಹೀರಾತಿನ ಕರಾರು 600 ಡಾಲರ್ ದಾಟಿದರೆ ತಪಾಸಣೆಗೆ ಕಳಿಸಬೇಕು ಅನ್ನುವ ನಿಯಮವೂ ಹಾಗೇ. ನಾಳೆ ಬರುವ ಹುಡುಗ ‘ಈ ಮಿತಿಗೆ ನನ್ನ ಪರವಾಗಿ ಚೌಕಾಸಿ ಮಾಡಿದವರು ಯಾರು’ ಅಂತ ಕೇಳಿದರೆ ಗಟ್ಟಿ ಉತ್ತರ ಇಲ್ಲ.

ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ಕಠಿಣ. ಓದಿನ ಸಂಸ್ಥೆಗಳಲ್ಲಿ ಗಂಡು ಹೆಣ್ಣು ಭೇದ ಕೂಡದು ಅನ್ನುವ ಟೈಟಲ್ ನೈನ್ ಕಾನೂನು 1972ರಿಂದ ಇದೆ. ಬಾಕಿ ಹಣದ ಬಹುಪಾಲು ಗಂಡಸರ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ ಅಂತ ಕೆಲವು ಆಟಗಾರ್ತಿಯರು ಮೇಲ್ಮನವಿ ಹಾಕಿದರು. ಇತ್ತ ದುಡ್ಡು ತರದ ಆಟಗಳ ಕುತ್ತಿಗೆಗೂ ಬಂದಿದೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ 2025ರಲ್ಲಿ ಈಜು ತಂಡವನ್ನೇ ಮುಚ್ಚಿತು, ಕಾರಣಗಳಲ್ಲಿ ಹೌಸ್ ರಾಜಿಯ ಖರ್ಚನ್ನೂ ಹೇಳಿತು. ಈಜುಗಾರನ ಹೆಸರಿನ ಕೇಸು, ಮುಳುಗಿದ್ದು ಈಜು ತಂಡ.

ಹಾಗಾದರೆ ಯೂನಿಯನ್ ಯಾಕಿಲ್ಲ?

ಪ್ರಯತ್ನ ಆಗಿಲ್ಲ ಅಂತಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಕೇನ್ ಕೋಲ್ಟರ್ ಮುಂದಾಳಾಗಿ ಅರ್ಜಿ ಹೋಯಿತು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ‘ಇವರು ನೌಕರರೇ’ ಅಂದರು. 2015ರಲ್ಲಿ ಮೇಲಿನ ಮಂಡಳಿ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ವಿಷಯಕ್ಕೇ ಕೈ ಹಾಕುವುದಿಲ್ಲ ಅಂದಿತು. ಕಾರಣ ಅರ್ಥ ಮಾಡಿಕೊಳ್ಳಿ, ಪರೀಕ್ಷೆಗೆ ಬರುವಂಥದ್ದು: ಆ ಮಂಡಳಿಯ ಅಧಿಕಾರ ಖಾಸಗಿ ಸಂಸ್ಥೆಗಳ ಮೇಲೆ ಮಾತ್ರ. ಬಿಗ್ ಟೆನ್ ಎಂಬ ಕಾಲೇಜು ತಂಡಗಳ ಗುಂಪಿನಲ್ಲಿ ಆಗ ನಾರ್ತ್‌ವೆಸ್ಟರ್ನ್ ಒಂದೇ ಖಾಸಗಿ, ಉಳಿದವೆಲ್ಲ ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳು. ಒಂದೇ ಲೀಗಿನಲ್ಲಿ ಒಬ್ಬರಿಗೆ ಒಂದು ನ್ಯಾಯ ಆದೀತು. 2024ರಲ್ಲಿ ಡಾರ್ಟ್‌ಮತ್ ಬ್ಯಾಸ್ಕೆಟ್‌ಬಾಲ್ ಹುಡುಗರು 13-2 ಮತದಿಂದ ಯೂನಿಯನ್ ಬೇಕು ಅಂದರು, ವರ್ಷದ ಕೊನೆಯ ದಿನ ಅರ್ಜಿ ಹಿಂತೆಗೆದರು.

ಕಾಲೇಜುಗಳ ಆಸೆ ಬೇರೆ. 2025ರ ಜುಲೈಯಲ್ಲಿ ಸಂಸತ್ತಿಗೆ ಬಂದ ಸ್ಕೋರ್ ಮಸೂದೆ ನೋಡಿ. ಆಂಟಿಟ್ರಸ್ಟ್ ಕೇಸುಗಳಿಂದ ರಕ್ಷಣೆ ಬೇಕು, ಆಟಗಾರರನ್ನು ನೌಕರರು ಅನ್ನಬಾರದು, ರಾಜ್ಯಕ್ಕೊಂದು ಕಾನೂನು ಇರಬಾರದು. ಅಂದರೆ ಎನ್‌ಎಫ್‌ಎಲ್‌ಗೆ ಇರುವ ಬೇಲಿ ಬೇಕು, ಆ ಬೇಲಿಗೆ ಎನ್‌ಎಫ್‌ಎಲ್ ಕೊಟ್ಟ ಬೆಲೆ ಬೇಡ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ನೌಕರ ಅಂದರೆ ತೆರಿಗೆ, ವಿಮೆ, ಕೆಲಸದಿಂದ ತೆಗೆಯುವ ಭಯ ಎಲ್ಲ ಬರುತ್ತದೆ, ಸಣ್ಣ ಕಾಲೇಜು ತಡೆಯುವುದಿಲ್ಲ ಅನ್ನುವ ವಾದ ಪೂರ್ತಿ ಸುಳ್ಳಲ್ಲ. ಆದರೆ ಲಾಸ್ ಏಂಜಲೀಸಿನ ತಂಡ ಟಿವಿ ದುಡ್ಡಿಗಾಗಿ ಬಿಗ್ ಟೆನ್ ಸೇರಿ, ವಾಲಿಬಾಲ್ ಹುಡುಗಿಯರು ನ್ಯೂಜೆರ್ಸಿವರೆಗೆ ಹಾರಬೇಕಾದ ಕಾಲದಲ್ಲಿ ‘ಇದು ಬರೀ ಓದಿನ ಜೊತೆಗಿನ ಆಟ’ ಅಂದರೆ ಯಾರು ನಂಬುತ್ತಾರೆ?

ಯೂನಿಯನ್ ಇದ್ದರೆ ಎಲ್ಲ ಸರಿಯಾ?

ಇಲ್ಲ. ಎನ್‌ಎಫ್‌ಎಲ್ ಸೀಸನ್ನಿಗೆ 17ನೇ ಪಂದ್ಯ ಬಂದದ್ದು 2020ರ ಒಪ್ಪಂದದಿಂದ. ಆಟಗಾರರ ಮತ ಪರ 1,019, ವಿರುದ್ಧ 959. ಬರೀ 60 ಮತದ ಅಂತರ. ಈಗ 18ನೇ ಪಂದ್ಯದ ಮಾತು. ಮೈ ನುಜ್ಜುಗುಜ್ಜಾಗುವ ಆಟದಲ್ಲಿ ಇನ್ನೊಂದು ವಾರ.

ಹುಲ್ಲಿನ ಜಗಳ ಇನ್ನೂ ಸ್ವಾರಸ್ಯ. ಪ್ಲಾಸ್ಟಿಕ್ ಹಾಸು ಬೇಡ, ನಿಜವಾದ ಹುಲ್ಲು ಹಾಕಿ ಅಂತ ಯೂನಿಯನ್ ಕೇಳುತ್ತಲೇ ಇದೆ. 2023ರ ಸೆಪ್ಟೆಂಬರ್ 11ರಂದು ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ನ್ಯೂಜೆರ್ಸಿಯ ಮೆಟ್‌ಲೈಫ್ ಮೈದಾನದಲ್ಲಿ ಹೊಸ ತಂಡಕ್ಕೆ ಆಡಿದ ನಾಲ್ಕೇ ಸ್ನ್ಯಾಪ್‌ಗೆ (ಚೆಂಡು ಕೈಗೆ ಬಂದು ಆಟ ಶುರುವಾಗುವ ಸರದಿ) ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಾಗ ಕೂಗು ಜಾಸ್ತಿಯಾಯಿತು. ಮಾಲೀಕರು ಜಗ್ಗಲಿಲ್ಲ. 2026ರ ಸಾಕರ್ ವಿಶ್ವಕಪ್ಪಿನ ಫೈನಲ್‌ಗೆ ಆರಿಸಿದ್ದೂ ಅದೇ ಮೈದಾನ. ಫಿಫಾ ಹುಲ್ಲೇ ಬೇಕು ಅಂದದ್ದಕ್ಕೆ ಹುಲ್ಲು ಹಾಸಲು ಒಪ್ಪಿದರು. ಮನೆ ಮಕ್ಕಳಿಗಿಲ್ಲದ ಹೋಳಿಗೆ ನೆಂಟರಿಗೆ.

ಕೊನೆಗೆ ಆ ವಿಡಿಯೋ ಗೇಮ್ ವಿಷಯ. ಒ’ಬ್ಯಾನನ್ ಕೇಸಿನ ಹೊಡೆತಕ್ಕೆ 2013ರ ನಂತರ ನಿಂತುಹೋಗಿದ್ದ ಕಾಲೇಜು ಫುಟ್‌ಬಾಲ್ ಗೇಮ್ 2024ರ ಜುಲೈಯಲ್ಲಿ ಮರಳಿ ಬಂತು. ಆ ಸಲ ಆಟಗಾರರಿಗೆ ದುಡ್ಡು ಸಿಕ್ಕಿತು: ಒಪ್ಪಿಕೊಂಡ ಪ್ರತಿಯೊಬ್ಬರಿಗೂ 600 ಡಾಲರ್, ಜೊತೆಗೆ ಗೇಮಿನ ಒಂದು ಪ್ರತಿ. ಅದೇ ಕಂಪನಿಯ ಎನ್‌ಎಫ್‌ಎಲ್ ಗೇಮ್ ಮ್ಯಾಡನ್‌ಗೆ ಆಟಗಾರರ ದುಡ್ಡು ಯೂನಿಯನ್ ಮೂಲಕ, ಎಲ್ಲರ ಪರವಾಗಿ ಚೌಕಾಸಿ ಮಾಡಿ ಬರುತ್ತದೆ. ಕಾಲೇಜಿನ ಹುಡುಗರು ಒಬ್ಬೊಬ್ಬರಾಗಿ ಫೋನಿನಲ್ಲಿ ಒಪ್ಪಿಗೆ ಒತ್ತಿದರು.