ಚೌಕ ಸರಿದದ್ದೋ, ಅಂಕೆ ಬದಲಾದದ್ದೋ?

ಬೆಂಗಳೂರಿನ ವಾಹನ ಎಂಜಿನಿಯರಿಂಗ್ ಕಚೇರಿಗಳಲ್ಲಿ ಸಿಮುಲಿಂಕ್ ಗೊತ್ತಿಲ್ಲದವರು ಕಡಿಮೆ. ಬ್ರೇಕೋ ಮೋಟರೋ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು, ಅದನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ತಂತ್ರಾಂಶ ಅದು. ತೆರೆಯ ಮೇಲೆ ಚೌಕಗಳು, ಅವನ್ನು ಕೂಡಿಸುವ ಗೆರೆಗಳು. ಒಂದೊಂದು ಚೌಕವೂ ಒಂದೊಂದು ಲೆಕ್ಕ. ಚಿತ್ರ ನೀಟಾಗಿ ಕಾಣಲೆಂದು ಒಬ್ಬರು ಒಂದು ಚೌಕವನ್ನು ಸ್ವಲ್ಪ ಬಲಕ್ಕೆ ಸರಿಸಿದರು ಎನ್ನಿ. ಇನ್ನೊಬ್ಬರು, ಒಳಬಂದ ಸಂಖ್ಯೆಯನ್ನು ನಿಗದಿತ ಅಂಕೆಯಿಂದ ಗುಣಿಸುವ ಗೇನ್ ಚೌಕದೊಳಗಿನ 0.5 ಅನ್ನು 0.05 ಮಾಡಿದರು. ಮೊದಲನೆಯದರಿಂದ ಸಾಮಾನ್ಯವಾಗಿ ಏನೂ ಆಗದು. ಎರಡನೆಯದರಿಂದ ಬ್ರೇಕೇ ಹಿಡಿಯದೆ ಹೋಗಬಹುದು. ಕಡತದ ಮಟ್ಟಿಗೆ ಎರಡೂ ಒಂದೊಂದು ತಿದ್ದುಪಡಿ, ಅಷ್ಟೆ.

ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತೆಂದು ಹೇಳುವ ‘ಡಿಫ್’ 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಅದು ಪಠ್ಯವನ್ನು ಸಾಲು ಸಾಲಾಗಿ ಹೋಲಿಸುತ್ತದೆ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಬರೆದ, ಕಡತಗಳ ಆವೃತ್ತಿಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶ ಕೂಡ ವ್ಯತ್ಯಾಸ ತೋರಿಸುವಾಗ ಸಾಲುಗಳನ್ನೇ ನೆಚ್ಚಿಕೊಂಡಿದೆ. ಸಿಮುಲಿಂಕ್‌ನ ಹಳೆಯ ಎಂಡಿಎಲ್ ಕಡತ ಪಠ್ಯವಾಗಿದ್ದರಿಂದ, ಬದಲಾದದ್ದು ಚೌಕದ ಜಾಗವೋ ಗೇನೋ ಎಂದು ಕಷ್ಟಪಟ್ಟಾದರೂ ಓದಬಹುದಿತ್ತು. 2012ರಲ್ಲಿ ಬಂದ ಎಸ್‌ಎಲ್‌ಎಕ್ಸ್ ಜಿಪ್ ಮಾಡಿದ ಗಂಟು. ಒಳಗಿರುವುದು ಎಕ್ಸ್‌ಎಂಎಲ್ ಪಠ್ಯವೇ ಆದರೂ ಹೊರಗಿನಿಂದ ಗಿಟ್‌ಗೆ ಕಾಣುವುದು ಬೈಟುಗಳ ರಾಶಿ. ‘ಎರಡೂ ಬೇರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಚೌಕಕ್ಕೆ ಚೌಕವನ್ನು ಹೋಲಿಸಿ, ಬರೀ ಅಲಂಕಾರದ ಬದಲಾವಣೆಗಳನ್ನು ಮರೆಮಾಡುವ ಸಲಕರಣೆಯನ್ನು ಸಿಮುಲಿಂಕ್ ತಯಾರಿಸುವ ಮ್ಯಾಥ್‌ವರ್ಕ್ಸ್ ಕಂಪನಿಯೇ ಕೊಡುತ್ತದೆ. ಆದರೂ ಇಬ್ಬರು ಒಂದೇ ಮಾದರಿಯನ್ನು (ಚೌಕ-ಗೆರೆಗಳ ಚಿತ್ರವನ್ನು) ತಿದ್ದಿದಾಗ ಇಬ್ಬರ ತಿದ್ದುಪಡಿಗಳನ್ನೂ ಒಂದಾಗಿ ಕೂಡಿಸುವುದು ರಗಳೆಯೇ.

ಇದಿಷ್ಟೂ ಕಡತದ ಒಳಗಿನ ಮಾತು. ಕಡತದಲ್ಲಿ ಒಂದಕ್ಷರವೂ ಬದಲಾಗದೆ ಉತ್ತರ ಬದಲಾಗುವುದುಂಟು. 1961ರಲ್ಲಿ ಎಂಐಟಿಯ ಎಡ್ವರ್ಡ್ ಲೊರೆಂಜ್ ತಮ್ಮ ಹವಾಮಾನ ಮಾದರಿಯನ್ನು ನಡುವಿನಿಂದ ಮತ್ತೆ ಓಡಿಸಲು, ಮುದ್ರಿತ ಹಾಳೆ ನೋಡಿ 0.506 ಎಂದು ಕೊಟ್ಟರು. ಯಂತ್ರದೊಳಗೆ ಇದ್ದದ್ದು 0.506127. ಸ್ವಲ್ಪ ಹೊತ್ತು ಜೊತೆಯಲ್ಲೇ ಸಾಗಿದ ಎರಡು ಓಟಗಳು ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ದೂರವಾದವು. ಎಲ್ಲರೂ ಇದನ್ನು, ಸಣ್ಣ ವ್ಯತ್ಯಾಸ ಬೆಳೆದು ದೊಡ್ಡದಾಗುವ ಕೇಯಾಸ್ ಸಿದ್ಧಾಂತದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ದಾಖಲೆಯ ಕಥೆಯೂ ಹೌದು: ಪ್ರೋಗ್ರಾಂ ಅದೇ ಇತ್ತು, ಹಾಳೆಯಲ್ಲಿ ಅಂಕೆ ಪೂರ್ತಿ ಇರಲಿಲ್ಲ. ಇಂದಿನ ಕಂಪ್ಯೂಟರುಗಳಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೂ ಕೊನೆಯ ಅಂಕೆಗಳು ಬೇರೆಯಾಗಬಹುದು. ಪ್ರೊಸೆಸರಿನ ಹಲವು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಕೆಲಸ ಹಂಚಿಕೊಂಡಾಗ ಆ ಕ್ರಮ ಪ್ರತಿ ಸಲವೂ ಒಂದೇ ಇರುತ್ತದೆಂಬ ಭರವಸೆಯಿಲ್ಲ.

ಇದರ ಬಿಸಿ ಎಷ್ಟೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರನ್ನು ಕೇಳಬೇಕು. ಏನೂ ಕ್ರಮ ಕೈಗೊಳ್ಳದಿದ್ದರೆ ಗ್ರೇಟ್ ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಸುಮಾರು 5,10,000 ಜನ ಸಾಯಬಹುದು ಎಂದು ನೀಲ್ ಫರ್ಗ್ಯುಸನ್ ಅವರ ತಂಡ 2020ರ ಮಾರ್ಚ್ 16ರಂದು ವರದಿ ಕೊಟ್ಟಿತು. ಲೆಕ್ಕ ಹಾಕಿದ ಪ್ರೋಗ್ರಾಂ ಫ್ಲೂ ಸಾಂಕ್ರಾಮಿಕಕ್ಕೆಂದು 13 ವರ್ಷಕ್ಕೂ ಹಿಂದೆ ಬರೆದದ್ದು, ಸಾವಿರಾರು ಸಾಲು, ವಿವರಣೆಯಿಲ್ಲ ಎಂದು ಫರ್ಗ್ಯುಸನ್ ಅವರೇ ಹೇಳಿಕೊಂಡರು. ಆಮೇಲೆ, ಕೋಡನ್ನು ಎಲ್ಲರೂ ನೋಡುವಂತೆ ಇಡುವ ಗಿಟ್‌ಹಬ್ ತಾಣಕ್ಕೆ ಬಂದದ್ದು ಮೈಕ್ರೋಸಾಫ್ಟ್ ಮುಂತಾದವರ ನೆರವಿನಿಂದ ಅಚ್ಚುಕಟ್ಟು ಮಾಡಿದ ಆವೃತ್ತಿ. ವರದಿ ಹುಟ್ಟಿದ್ದು ಇದರಿಂದಲೇನಾ ಎಂದು ಟೀಕಾಕಾರರು ಪಟ್ಟು ಹಿಡಿದರು. ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸೀಡ್ ಸಂಖ್ಯೆಯನ್ನು ಅದೇ ಕೊಟ್ಟರೂ ಉತ್ತರ ಬೇರೆ ಬರುತ್ತದೆ ಎಂಬ ದೂರೂ ಬಂತು. ಕೊನೆಗೆ ಕೇಂಬ್ರಿಡ್ಜಿನ ಸ್ಟೀಫನ್ ಎಗ್ಲೆನ್ ಕೋಡ್ ಓಡಿಸಿ, ವರದಿಯ ಮುಖ್ಯ ಫಲಿತಾಂಶಗಳು ಮರಳಿ ಬರುತ್ತವೆ ಎಂದು ದೃಢಪಡಿಸಿದರು. ಮಾದರಿ ಸರಿಯೇ ತಪ್ಪೇ ಎಂಬುದು ಬೇರೆ ಪ್ರಶ್ನೆ. ಮಾರ್ಚಿನಲ್ಲಿ ಓಡಿದ ಆವೃತ್ತಿಯೇ ಮೊದಲ ದಿನ ಬಯಲಿಗೆ ಬಂದಿದ್ದರೆ ಜಗಳದ ಅರ್ಧ ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಅನಿಸಿಕೆ.

ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ (ದಾಖಲಿಸಿಟ್ಟ ಪ್ರತಿ ಆವೃತ್ತಿಗೂ) ಒಂದು ಗುರುತು ಸಿಗುತ್ತದೆ, ಸಾಮಾನ್ಯವಾಗಿ 40 ಅಕ್ಷರ-ಅಂಕೆಗಳ ಸರಣಿ. ಅಲ್ಪವಿರಾಮವೊಂದು ಬದಲಾದರೂ ಗುರುತು ಪೂರ್ತಿ ಬೇರೆ. ಈ ಗುರುತು, ಸೀಡ್ ಸಂಖ್ಯೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಆವೃತ್ತಿ, ಇನ್‌ಪುಟ್ ಕಡತದ ಹೆಸರು ಎಲ್ಲವನ್ನೂ ಪ್ರತಿ ಫಲಿತಾಂಶದ ತಲೆಯ ಮೇಲೆ ಪ್ರೋಗ್ರಾಮೇ ಬರೆದುಕೊಳ್ಳುವಂತೆ ಮಾಡುವುದು ಕಷ್ಟವೇನಲ್ಲ. ನಾವು ಬರೆದಿಡುತ್ತೇವೆ ಎಂದು ಹೊರಟರೆ ಮರೆಯುವುದು ಖಂಡಿತ. ಇನ್ನೂ ಕಮಿಟ್ ಮಾಡದ ತಿದ್ದುಪಡಿ ಇಟ್ಟುಕೊಂಡೇ ಓಡಿಸಿದರೆ? ಅದಕ್ಕೂ ಗಿಟ್‌ನಲ್ಲಿ ದಾರಿಯಿದೆ: ಕೇಳಿದರೆ ಗುರುತಿನ ಬಾಲಕ್ಕೆ ‘ಡರ್ಟಿ’ ಎಂದು ಅಂಟಿಸಿ ಕೊಡುತ್ತದೆ. ಅಂಥ ಬಾಲವಿರುವ ಗ್ರಾಫನ್ನು ಮೀಟಿಂಗಿನಲ್ಲಿ ತೋರಿಸಿದರೆ ಪರವಾಗಿಲ್ಲ. ವರದಿಗೆ ಹಾಕುವ ಮೊದಲು ಕಮಿಟ್ ಮಾಡಿ ಮತ್ತೊಮ್ಮೆ ಓಡಿಸಬೇಕು.