ಒಂಟಿ ಹರಳೇ ಇಲ್ಲದೆ ಹರಳಿನ ರಚನೆ ತಿಳಿಯುವುದು ಹೇಗೆ?

ಪ್ರಶ್ನೆ: ಪಾಲಿಥೀನ್‌ನಂಥ ಪಾಲಿಮರ್‌ನಿಂದ ಎಕ್ಸ್-ರೇಗೆ ಒಡ್ಡುವಷ್ಟು ದೊಡ್ಡ ಹರಳು ಸಿಗುವುದಿಲ್ಲವಂತೆ. ಹಾಗಾದರೆ ಅದರ ಸ್ಫಟಿಕ ರಚನೆ ತಿಳಿದದ್ದು ಹೇಗೆ? ಹಾಳೆಯನ್ನು ಮೊದಲು ಎಳೆಯುವುದೇಕೆ?

ಉತ್ತರ: ಚರಚರ ಸದ್ದು ಮಾಡುವ ತೆಳು ಕ್ಯಾರಿಬ್ಯಾಗಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ನಿಧಾನವಾಗಿ ಎಳೆದು ನೋಡಿ. ಒಂದು ಕಡೆ ಸಪೂರವಾಗಿ, ಆ ಸಪೂರ ಭಾಗವೇ ಉದ್ದವಾಗುತ್ತ ಹೋಗುತ್ತದೆ. ಈಗ ಅದನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಹರಿಯುವುದು ಕಷ್ಟ. ಒಳಗಿನ ಸರಪಳಿ ಅಣುಗಳು ಎಳೆದ ದಿಕ್ಕಿಗೆ ಸಾಲಾಗಿ ಮಲಗಿದ್ದರ ಗುರುತು ಇದು.

ಎಳೆಯದ ಹಾಳೆಯಲ್ಲಿ ಪುಟಾಣಿ ಹರಳುಗಳು ದಿಕ್ಕಾಪಾಲಾಗಿ ಬಿದ್ದಿರುತ್ತವೆ. ಎಕ್ಸ್-ರೇ ಚಿತ್ರದಲ್ಲಿ ಬರೀ ಉಂಗುರಗಳು. ಉಂಗುರ ಹರಳಿನೊಳಗಿನ ಅಣುಪದರಗಳ ನಡುವಿನ ದೂರವನ್ನು ಹೇಳುತ್ತದೆ, ದಿಕ್ಕನ್ನಲ್ಲ. ಎಳೆದ ಮೇಲೆ ಉಂಗುರಗಳು ಒಡೆದು ಚುಕ್ಕೆಗಳಾಗಿ ಅಡ್ಡಸಾಲುಗಳಲ್ಲಿ ನಿಲ್ಲುತ್ತವೆ. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು ಎಂಬುದು ನನ್ನ ಲೆಕ್ಕ.

ಸಾಲುಗಳ ಅಂತರದಿಂದ ಸರಪಳಿಯ ಒಂದು ಆವರ್ತನದ, ಅಂದರೆ ಮತ್ತೆ ಮತ್ತೆ ಮರುಕಳಿಸುವ ತುಂಡಿನ, ಉದ್ದ ಸಿಗುತ್ತದೆ. ತಾಮ್ರದಿಂದ ಹೊರಡುವ ಎಕ್ಸ್-ರೇಯ ತರಂಗಾಂತರ 1.542 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). 28.65 ಮಿ.ಮೀ. ತ್ರಿಜ್ಯದ ದುಂಡು ಕ್ಯಾಮೆರಾದಲ್ಲಿ ಪಾಲಿಥೀನ್‌ನ ಮೊದಲ ಸಾಲು ನಡುಸಾಲಿನಿಂದ ಸುಮಾರು 22 ಮಿ.ಮೀ. ಮೇಲೆ, ಅಂದರೆ 37.5 ಡಿಗ್ರಿ ಕೋನದಲ್ಲಿ ಬೀಳುತ್ತದೆ. ಆ ಕೋನದ ಸೈನ್‌ನಿಂದ ತರಂಗಾಂತರವನ್ನು ಭಾಗಿಸಿ: 2.53 ಆಂಗ್‌ಸ್ಟ್ರಾಂ. ಅಂಕುಡೊಂಕಾಗಿ ಚಾಚಿದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದ ನಡುವಿನ ದೂರವೂ ಅಷ್ಟೇ!

ಸರಪಳಿಗಳು ಅಕ್ಕಪಕ್ಕ ಕೂತ ಬಗೆಯನ್ನು ನಡುಸಾಲಿನ ಚುಕ್ಕೆಗಳು ಹೇಳುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬನ್ 1939ರಲ್ಲಿ ಕೊಟ್ಟ ಉತ್ತರ: ಘಟಕ ಕೋಶದ (ಹರಳಿನ ತುಂಬ ಮರುಕಳಿಸುವ ಅತಿ ಸಣ್ಣ ಪೆಟ್ಟಿಗೆಯ) ಬದಿಗಳು 7.40, 4.93 ಮತ್ತು 2.53 ಆಂಗ್‌ಸ್ಟ್ರಾಂ, ಒಳಗೆ ಎರಡು ಸರಪಳಿ. ಎರಡೇ ಏಕೆ? ತೂಕ ಹಾಕಿ ನೋಡಿ. ಒಂದೇ ಎಂದರೆ ಸಾಂದ್ರತೆ ನೀರಿನ ಅರ್ಧಕ್ಕೆ ಇಳಿಯುತ್ತದೆ; ಮೂರು ಎಂದರೆ ಒಂದೂವರೆ ಪಟ್ಟಾಗಿ ಪಾಲಿಥೀನ್ ಮುಳುಗಬೇಕಿತ್ತು. ಎರಡಕ್ಕೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಳೆಯೆಲ್ಲ ಹರಳಲ್ಲವಾದ್ದರಿಂದ ಅದು ತುಸು ಹಗುರವಾಗಿ ತೇಲುತ್ತದೆ.

ರೋಲರ್‌ನಲ್ಲಿ ಒತ್ತಿದ ಹಾಳೆಯಲ್ಲಿ ಹರಳುಗಳ ಮಗ್ಗುಲೂ ಒಂದೇ ಕಡೆಗೆ ವಾಲಿರಬಹುದು. ಮುಖದಿಂದ, ಅಂಚಿನಿಂದ, ತುದಿಯಿಂದ ಹೀಗೆ ಮೂರು ಚಿತ್ರ ತೆಗೆದರೆ ಯಾವ ಚುಕ್ಕೆ ಹರಳಿನೊಳಗಿನ ಯಾವ ಪದರದ್ದು ಎಂಬ ಗೊಂದಲ ಬಹಳಷ್ಟು ತಗ್ಗುತ್ತದೆ.

ಒಂದು ಎಚ್ಚರಿಕೆ. ಎಳೆತಕ್ಕೆ ರಚನೆಯೇ ಬದಲಾಗುವುದುಂಟು. ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಇನ್ನೊಂದು ಪಾಲಿಮರ್‌ನ ಆಲ್ಫಾ ರೂಪದ ಆವರ್ತನ 4.62 ಆಂಗ್‌ಸ್ಟ್ರಾಂ, ಎಳೆದರೆ ಅದು ಬೀಟಾ ರೂಪಕ್ಕೆ ತಿರುಗಿ 2.56 ಆಗಬಹುದು. ಆದ್ದರಿಂದ ಎಳೆಯದ ಹಾಳೆಯ ಉಂಗುರಗಳ ಚಿತ್ರವನ್ನೂ ಪಕ್ಕದಲ್ಲಿಟ್ಟುಕೊಂಡು, ಚುಕ್ಕೆಗಳು ಅದೇ ದೂರಗಳಲ್ಲಿ ಬಿದ್ದಿವೆಯೇ ಎಂದು ತಾಳೆ ನೋಡಬೇಕು.